ಉತ್ತರ ತಡವಾಗುತ್ತ ಹೋದಂತೆ: ಧ್ವನಿನಾಟಕದಲ್ಲಿ ಜೊತೆಗಾತಿಯೊಬ್ಬಳನ್ನು ಕಳಿಸಿಕೊಟ್ಟ ಬಗೆ

ನಮ್ಮ ವಿಜ್ಞಾನ ಕಥಾ ಧ್ವನಿನಾಟಕ ಸರಣಿಯಲ್ಲಿ ಮುಖ್ಯ ಪಾತ್ರಗಳು ಎರಡೇ. ಖಗೋಳ ಪಾಠ ಹೇಳಿ ನಿವೃತ್ತರಾಗಿ ಈಗ ಅಂತರಿಕ್ಷ ಹಡಗುಗಳಿಗೆ ದಾರಿ ಲೆಕ್ಕ ಹಾಕಿಕೊಡುವ ಮೇಷ್ಟ್ರು. ಅವರ ಜೊತೆಗಾತಿ, ಪಾಂಡವಪುರದ ಕಡೆಯ ಪಂಪ್‌ಸೆಟ್ ಮೆಕ್ಯಾನಿಕ್ ಗಿರಿಜಾ. ಗಿರಿಜಾ ಪಾತ್ರದ ನಟಿ ಮುಂದಿನ ಸರಣಿಗೆ ಸಿಗುವುದಿಲ್ಲ ಎಂದಾದ ಮೇಲೆ ಪಾತ್ರವನ್ನು ಮರ್ಯಾದೆಯಿಂದ ಕಳಿಸಿಕೊಡಲು ನಾಲ್ಕು ಕಂತು ತೆಗೆದಿಟ್ಟೆವು. ಮೈಸೂರಿನ ಒಂದು ಮನೆಯ ಮಹಡಿ ಕೋಣೆ, ಎರಡು ಮೈಕು, ಒಂದು ಲ್ಯಾಪ್‌ಟಾಪ್, ಇಷ್ಟರಲ್ಲಿ ಅದನ್ನು ಕಟ್ಟಿದ ಬಗೆ ಇಲ್ಲಿದೆ.

ಮೊದಲು ತೀರ್ಮಾನವಾಗಬೇಕಾದ್ದು ಪಾತ್ರ ಹೇಗೆ ಹೋಗುತ್ತದೆ ಎಂಬುದು. ಸಾಯಿಸುವುದು ಬರೆಯುವವರಿಗೆ ಸುಲಭ, ಕೇಳುವವರಿಗೆ ನಂಬಿಕೆ ಬರುವುದಿಲ್ಲ. ಧ್ವನಿನಾಟಕದಲ್ಲಿ ಹೆಣ ಕಾಣುವುದಿಲ್ಲ. ಮಾತು ನಿಂತರೆ ಪಾತ್ರ ಸುಮ್ಮನಿದೆಯೋ, ಕೋಣೆಯಿಂದ ಆಚೆ ಹೋಯಿತೋ, ಸತ್ತೇ ಹೋಯಿತೋ, ಕಿವಿಗೆ ಮೂರೂ ಒಂದೇ. ಅದನ್ನು ತಿಳಿಸಲು ಪಕ್ಕದವರ ಬಾಯಲ್ಲಿ ‘ಅಯ್ಯೋ, ಉಸಿರೇ ಇಲ್ಲ’ ಅನ್ನಿಸಬೇಕಾಗುತ್ತದೆ, ಅಲ್ಲಿಗೆ ದೃಶ್ಯ ಕೆಟ್ಟಿತು. ಸಾಲದ್ದಕ್ಕೆ ಕಾಲಯಾನ, ತದ್ರೂಪಿ, ಶೀತನಿದ್ರೆ ಎಲ್ಲ ಇರುವ ಕಥೆಯಲ್ಲಿ ಸತ್ತವರು ಮುಂದಿನ ಕಂತಿಗೆ ಎದ್ದು ಬರುತ್ತಾರೆಂದು ಕೇಳುಗರು ಕಾಯುತ್ತಲೇ ಇರುತ್ತಾರೆ. ನೆನಪು ಅಳಿಸಿಹಾಕುವ ಉಪಾಯಕ್ಕೂ ಇದೇ ರೋಗ. ದೂರವಾಗುವುದು ಮಾತ್ರ ಕಿವಿಗೆಂದೇ ಹೇಳಿ ಮಾಡಿಸಿದಂಥದ್ದು. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿಗಿಂತ ಜೋರಾಗಿ ಓಡುವುದಿಲ್ಲ. ದೂರ ಬೆಳೆದಷ್ಟೂ ಉತ್ತರ ತಡ. ಯಾರೂ ಅಳದೆಯೇ, ವಿವರಿಸದೆಯೇ, ಅವಳು ಹೋಗುತ್ತಿರುವುದು ಕೇಳಿಸುತ್ತದೆ.

ಕಥೆ ಸರಳ. ಶೀತನಿದ್ರೆಯಲ್ಲಿರುವ ನಾನೂರು ಜನರನ್ನು ಹೊತ್ತು ಹೊರಟ ಹಡಗಿನ ಶೀತಕ ಪಂಪು ಕೈಕೊಡುತ್ತದೆ. ರಿಪೇರಿಗೆ ಹತ್ತಿದ ಗಿರಿಜಾ ಪಂಪು ಬಿಟ್ಟು ಇಳಿಯುವಂತಿಲ್ಲ. ಮೇಷ್ಟ್ರು ಭೂಮಿಯಲ್ಲೇ ಉಳಿಯುತ್ತಾರೆ, ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಆಂಟೆನಾ ಇದೆಯಲ್ಲ, ಅಂಥದೊಂದು ಕೇಂದ್ರದಲ್ಲಿ. ಕೇಳುಗರ ಕಿವಿ ನಾಲ್ಕೂ ಕಂತಿನಲ್ಲಿ ಮೇಷ್ಟ್ರ ಮೇಜಿನ ಮೇಲೇ. ಅರ್ಧದಲ್ಲಿ ಗಿರಿಜಾ ಇರುವ ಕಡೆಗೆ ಹಾರಿದರೆ ದೂರ ಎಂಬುದೇ ಕರಗಿಹೋಗುತ್ತದೆ.

ದೂರಗಳನ್ನು ಹೀಗೆ ಹಂಚಿದೆವು. ಮೊದಲ ಕಂತಿನಲ್ಲಿ ಹಡಗು ಚಂದ್ರನ ಬಳಿ: 3.84 ಲಕ್ಷ ಕಿಲೋಮೀಟರ್, ಮಾತು ಹೋಗಿ ಉತ್ತರ ಬರಲು ಸುಮಾರು 2.6 ಸೆಕೆಂಡು. ಎರಡನೆಯದರಲ್ಲಿ 15 ಲಕ್ಷ ಕಿಲೋಮೀಟರ್, ಅಂದರೆ ಆದಿತ್ಯ ಎಲ್1 ನೌಕೆ 2024ರ ಜನವರಿಯಲ್ಲಿ ಹೋಗಿ ನೆಲೆನಿಂತಷ್ಟು ದೂರ; ಉತ್ತರಕ್ಕೆ 10 ಸೆಕೆಂಡು. ಮೂರನೆಯದರಲ್ಲಿ 10.8 ಕೋಟಿ ಕಿಲೋಮೀಟರ್, 12 ನಿಮಿಷ. ನಾಲ್ಕನೆಯದು ಗುರುಗ್ರಹದ ದೂರ. ಗುರು ನಮಗೆ ಅತಿ ಹತ್ತಿರ ಬಂದಾಗಲೂ ಸುಮಾರು 59 ಕೋಟಿ ಕಿಲೋಮೀಟರ್. ಮಾತು ಮುಟ್ಟಲು 33 ನಿಮಿಷ, ಉತ್ತರ ಬರುವಷ್ಟರಲ್ಲಿ ಒಂದು ಗಂಟೆ ದಾಟಿರುತ್ತದೆ. ನಮ್ಮ ಕಂತು 25 ನಿಮಿಷದ್ದು. ಕಂತುಗಳ ನಡುವೆ ಎಷ್ಟು ತಿಂಗಳು ಕಳೆಯಿತೆಂದು ಎಲ್ಲೂ ಹೇಳಲಿಲ್ಲ, ಆರಂಭದಲ್ಲಿ ದೂರ ಮಾತ್ರ ಘೋಷಿಸಿದೆವು.

ಇಡೀ ಕೆಲಸದ ಜೀವ ಇದ್ದದ್ದು ಮೂರನೇ ಕಂತಿನಲ್ಲಿ. ಅದನ್ನು ಕೇಳುವ ಹೊತ್ತೂ ಕಥೆಯ ಹೊತ್ತೂ ಒಂದೇ ಇರುವಂತೆ ಬರೆದೆವು. 4 ನಿಮಿಷ 10 ಸೆಕೆಂಡಿಗೆ ಮೇಷ್ಟ್ರು ಕೇಳುತ್ತಾರೆ: ‘ಗ್ಯಾಸ್ಕೆಟ್ ಹಾಕಿದ ಮೇಲೆ ವಾಪಸ್ ಬರೋ ನೌಕೆ ಹತ್ಕೊತೀಯೇನಮ್ಮ ಗಿರಿಜಾ?’ ಉತ್ತರ ಬರುವುದು 16 ನಿಮಿಷ 10 ಸೆಕೆಂಡಿಗೆ. ನಡುವಿನ ಹನ್ನೆರಡು ನಿಮಿಷ ಏನು ಮಾಡುವುದು? ಮೇಷ್ಟ್ರು ಅವಳು ಬಂದೇ ಬರುತ್ತಾಳೆಂದು ನಂಬಿ ಕೆಲಸಕ್ಕೆ ಇಳಿಯುತ್ತಾರೆ. ಫೋನ್ ಮಾಡಿ ಕೋಣೆ ಗುಡಿಸಿಡಲು ಹೇಳುತ್ತಾರೆ, ಪಾಂಡವಪುರಕ್ಕೆ ಅವಳ ತಾಯಿಗೆ ಸುದ್ದಿ ಮುಟ್ಟಿಸುತ್ತಾರೆ. ಅದೇ ಹೊತ್ತಿಗೆ ಗಿರಿಜಾಳ ಹಳೆಯ ಸಂದೇಶಗಳು ಬರುತ್ತಲೇ ಇರುತ್ತವೆ, ಪ್ರಶ್ನೆ ಇನ್ನೂ ಕಿವಿಗೆ ಬೀಳದ ಹುಡುಗಿಯ ನಗೆಮಾತು, ವಾಲ್ವ್ ಬಗ್ಗೆ ಬೈಗುಳ.

ಎಡವುವುದೂ ಇಲ್ಲೇ. 4:10ಕ್ಕೆ ಹೊರಟ ಪ್ರಶ್ನೆ ಅವಳನ್ನು ಮುಟ್ಟುವುದು 10:10ಕ್ಕೆ. ಹಾಗಾದರೆ 15ನೇ ನಿಮಿಷದಲ್ಲಿ ನಮಗೆ ಕೇಳುವ ಮಾತನ್ನು ಅವಳು 9ನೇ ನಿಮಿಷದಲ್ಲೇ ಆಡಿದ್ದಾಳೆ, ಅದರಲ್ಲಿ ಪ್ರಶ್ನೆಯ ಸುಳಿವೂ ಇರಕೂಡದು. ಬರೆಯುವವರ ಕೈ ತಾನಾಗಿಯೇ ಅವಳನ್ನು ಮೊದಲೇ ಗಂಭೀರಳನ್ನಾಗಿ ಮಾಡಿಬಿಡುತ್ತದೆ. ಅದಕ್ಕೇ ಸ್ಕ್ರಿಪ್ಟಿನ ಅಂಚಿನಲ್ಲಿ ಎರಡು ಕಾಲಂ ಎಳೆದು ಪ್ರತಿ ಸಂದೇಶಕ್ಕೂ ‘ಕಳಿಸಿದ್ದು’, ‘ತಲುಪಿದ್ದು’ ಎಂದು ಸಮಯ ಬರೆಯಬೇಕು. ಎಡಿಟಿಂಗ್‌ನಲ್ಲಿ ಆ ಎರಡು ಗುರುತನ್ನು ಮೊದಲೇ ನೆಟ್ಟು, ನಡುವೆ 20 ಸೆಕೆಂಡು ಕತ್ತರಿಸಿದರೆ ಅಷ್ಟನ್ನೇ ಇನ್ನೊಂದು ಕಡೆ ತುಂಬಬೇಕು. ಗಡಿಯಾರ ಹಿಡಿದು ಅಳೆಯುವ ಕೇಳುಗರು ಇದ್ದೇ ಇರುತ್ತಾರೆ, ವಿಜ್ಞಾನ ಕಥೆಗೆ ಬರುವವರೇ ಅಂಥವರು.

ನಾಲ್ಕನೇ ಕಂತಿಗೆ ಒಂದೇ ನಿಯಮ: ಇಬ್ಬರ ನಡುವೆ ಪ್ರಶ್ನೆಚಿಹ್ನೆ ಇರಬಾರದು. ಉತ್ತರ ಈ ಕಂತಿನೊಳಗೆ ಬರುವುದಿಲ್ಲವಲ್ಲ. ಮೇಷ್ಟ್ರು ‘ಊಟ ಆಯ್ತಾ’ ಅನ್ನುವುದನ್ನು ಬಿಟ್ಟು ‘ಹೊತ್ತಿಗೆ ಸರಿಯಾಗಿ ಊಟ ಮಾಡು’ ಎನ್ನಲು ಶುರುಮಾಡುತ್ತಾರೆ. ಕರಡಿನಲ್ಲಿ ಪ್ರಶ್ನೆಚಿಹ್ನೆ ಹುಡುಕಿ ಒಂದೊಂದನ್ನೇ ತೆಗೆದಾಗ ಸಂಭಾಷಣೆಯ ಲಯವೇ ಬೇರೆಯಾಯಿತು, ಬೀಳ್ಕೊಡುಗೆಯ ಭಾಷಣ ಅಂತ ಬೇರೆ ಬರೆಯಬೇಕಾಗಲಿಲ್ಲ.

ಮೌನದ ವಿಷಯ. 2.6 ಸೆಕೆಂಡಿನ ಅಂತರವನ್ನು ಇದ್ದಂತೆಯೇ ಇಡಬಹುದು. 10 ಸೆಕೆಂಡು ಏನೂ ಕೇಳದಿದ್ದರೆ ಜನ ಫೋನ್ ತೆಗೆದು ನೋಡುತ್ತಾರೆ, ನೆಟ್‌ವರ್ಕ್ ಹೋಯಿತೆಂದು. ಆದ್ದರಿಂದ ಪೂರ್ತಿ ಸೊನ್ನೆ ಎಲ್ಲೂ ಬರಬಾರದು. ಪ್ರತಿ ರೆಕಾರ್ಡಿಂಗ್ ಮುಗಿದ ಮೇಲೆ ಯಾರೂ ಮಿಸುಕದೆ ಒಂದು ನಿಮಿಷ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿ ಆ ಸದ್ದನ್ನು ಅಡಿಗೆ ಹಾಸಿದೆವು. ಮೇಲೆ ಪೆನ್ನಿನ ಕ್ಲಿಕ್, ಕುರ್ಚಿಯ ಕಿರುಗು. ಎರಡನೇ ಕಂತಿನಲ್ಲಿ ಮೇಷ್ಟ್ರು ಪ್ರತಿ ಮಾತಿನ ನಂತರ ‘ಒಂದು, ಎರಡು, ಮೂರು’ ಎಂದು ಮೆಲ್ಲಗೆ ಎಣಿಸುತ್ತಾರೆ, ಮಿಂಚು ಕಂಡ ಮೇಲೆ ಗುಡುಗಿಗೆ ಮಕ್ಕಳು ಎಣಿಸುವ ಹಾಗೆ. ಮೌನವೂ ತುಂಬಿತು, ವಿಜ್ಞಾನವನ್ನೂ ಯಾರೂ ಪಾಠ ಮಾಡಬೇಕಾಗಲಿಲ್ಲ. ಪೂರಾ 10 ಸೆಕೆಂಡಿನ ಅಂತರ ಕಂತಿಗೆ ನಾಲ್ಕೈದು ಸಲ ಸಾಕು. ಉಳಿದ ಕಡೆ ಆ ಹೊತ್ತಿನಲ್ಲಿ ಮೇಷ್ಟ್ರು ಪಕ್ಕದವರ ಜೊತೆ ಮಾತಾಡಲಿ.

ಹಡಗಿನಿಂದ ಬರುವ ದನಿಗೆ ‘ರೇಡಿಯೋ ಗುಣ’ ಕೊಡಲು 300ರಿಂದ 3,400 ಹರ್ಟ್ಸ್ ಬಿಟ್ಟು ಮಿಕ್ಕದ್ದನ್ನು ಕತ್ತರಿಸುವುದು ರೂಢಿ. ಹಳೆಯ ಟೆಲಿಫೋನಿನ ಅಳತೆ ಅದು. ತೊಂದರೆ ಏನೆಂದರೆ ಸಕಾರದ ಸದ್ದಿನ ಬಹುಪಾಲು 4,000 ಹರ್ಟ್ಸಿನ ಮೇಲಿದೆ. ಕತ್ತರಿಸಿದರೆ ‘ಸಾ’ (ಸಾರ್) ಎಂಬ ಅವಳ ಕರೆಯೇ ಮೊಂಡಾಗುತ್ತದೆ, ‘ಸರಿ’ಯೂ ‘ಹರಿ’ಯೂ ಒಂದೇ ಆಗುತ್ತವೆ. ನಾವು ಮೊದಲ ಕಂತಿನಲ್ಲಿ ದನಿಯನ್ನು ಮುಟ್ಟಲಿಲ್ಲ. ಎರಡರಲ್ಲಿ 200ರಿಂದ 6,000, ಮೂರರಲ್ಲಿ 250ರಿಂದ 4,500, ನಾಲ್ಕರಲ್ಲಿ ಮಾತ್ರ ಟೆಲಿಫೋನ್ ಅಳತೆ, ಅದಕ್ಕೂ ಅಡಿಯಲ್ಲಿ ಮೂಲ ದನಿಯನ್ನು 12 ಡೆಸಿಬೆಲ್ ಇಳಿಸಿ ಬೆರೆಸಿದೆವು. ದೂರದ ಕೊಂಡಿಯಲ್ಲಿ ಡಿಜಿಟಲ್ ದನಿ ನಿಜಕ್ಕೂ ಹೀಗೆ ಸೊರಗಬೇಕಾದ್ದಿಲ್ಲ, ಇದು ನಾಟಕದ ಸಂಪ್ರದಾಯ ಅಷ್ಟೆ.

ಪಂಪಿನ ಸದ್ದಿಗೆ ಮಂಡ್ಯ ಬೇಕೇ ಬೇಕಾಯಿತು. ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಯೊಂದರ 5 ಎಚ್‌ಪಿ ಪಂಪ್‌ಸೆಟ್ಟನ್ನು ಮೂರು ಕಡೆಯಿಂದ ರೆಕಾರ್ಡ್ ಮಾಡಿದೆವು: ಮೋಟಾರಿನಿಂದ ಒಂದು ಗೇಣು ದೂರ, ನೀರು ಬೀಳುವ ತೊಟ್ಟಿ, ಮತ್ತು ಪೈಪಿನ ಮೈಗೇ ಟೇಪಿನಲ್ಲಿ ಅಂಟಿಸಿದ ಪೀಜೋ ಬಿಲ್ಲೆ (ಮುಟ್ಟಿದ ವಸ್ತುವಿನ ಅದುರನ್ನೇ ಹಿಡಿಯುವ ಪುಟ್ಟ ಮೈಕು). ಬಯಲಿನ ಗಾಳಿಗೆ ಮೈಕಿನ ಸ್ಪಂಜು ಟೋಪಿ ಸಾಲದು, ತುಪ್ಪಳದ ಗವಸು ಬೇಕು. ತ್ರೀ ಫೇಸ್ ಕರೆಂಟ್ ಬರುವ ಹೊತ್ತನ್ನು ಗದ್ದೆಯವರನ್ನು ಕೇಳಿಕೊಂಡು ಹೋಗಬೇಕು, ಅದು ಬಹಳ ಸಲ ರಾತ್ರಿಯೇ. ಕಬ್ಬು ಅರೆಯುವ ಕಾಲವಾದರೆ ಟ್ರ್ಯಾಕ್ಟರಿನ ಹಾಡೂ ಉಚಿತ. ಪೀಜೋ ಸದ್ದನ್ನು ಅರ್ಧ ವೇಗಕ್ಕೆ ಇಳಿಸಿದರೆ ಶ್ರುತಿ ಒಂದು ಸ್ಥಾಯಿ ಕೆಳಗಿಳಿದು ಗದ್ದೆಯ ಪಂಪು ಹಡಗಿನ ಪಂಪಾಗುತ್ತದೆ. ಆದರೆ 100 ಹರ್ಟ್ಸಿನ ಗುಂಯ್‌ಕಾರ 50ಕ್ಕೆ ಇಳಿದಾಗ ವೈರಿಂಗ್ ದೋಷದ ಹಮ್ಮಿಂಗ್ ಹಾಗೇ ಕೇಳುತ್ತದೆ, ಮೇಲಾಗಿ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ. ಹಾಗಾಗಿ 200ರಿಂದ 400 ಹರ್ಟ್ಸ್ ಭಾಗವನ್ನು ತುಸು ಏರಿಸಿ, ಲಯವನ್ನು ಸ್ವಲ್ಪ ಕುಂಟಿಸಿದೆವು. ಕುಂಟಿದರೆ ಅದು ಯಂತ್ರ, ಕುಂಟದಿದ್ದರೆ ಕೇಬಲ್ ತೊಂದರೆ.

ಈ ಪಂಪು ಗಿರಿಜಾಳ ಪ್ರತಿ ಸಂದೇಶದ ಹಿಂದೆ ಇರಲೇಬೇಕು, ಸಂದೇಶ ಮುಗಿದೊಡನೆ ನಿಲ್ಲಬೇಕು. ಇದಲ್ಲದೆ ಯಾವ ಕೆಲಸಕ್ಕೂ ಮುಂಚೆ ಅವಳು ಪೈಪಿಗೆ ಸ್ಪ್ಯಾನರ್‌ನಲ್ಲಿ ಎರಡು ಸಲ ತಟ್ಟುವ ಅಭ್ಯಾಸವನ್ನು ಸರಣಿಯ ಶುರುವಿನಿಂದಲೇ ಇಟ್ಟಿದ್ದೆವು (ಮುಕ್ಕಾಲು ಇಂಚಿನ ಜಿಐ ಪೈಪನ್ನು ದಾರದಲ್ಲಿ ನೇತುಹಾಕಿ ತಟ್ಟಿದರೆ ನಾದ ಬರುತ್ತದೆ, ನೆಲದ ಮೇಲಿಟ್ಟರೆ ‘ಡಬ್’ ಅನ್ನುತ್ತದೆ). ಪಾತ್ರ ಹೋಗುವುದು ಕಿವಿಗೆ ನಾಟಬೇಕಾದರೆ ಹೋದ ಮೇಲೆ ಕಾಣೆಯಾಗಲು ಅವಳದ್ದೇ ಒಂದು ಸದ್ದು ಇರಬೇಕು. ಅದನ್ನು ಕೊನೇ ಕಂತಿನಲ್ಲಿ ಹೊಸದಾಗಿ ತಂದರೆ ಯಾರಿಗೂ ತಟ್ಟುವುದಿಲ್ಲ.

ಮಾತಿನಲ್ಲಿ ಒಂದು ಅಪಾಯ. ಭಾವ ಏರಿದ ಕೂಡಲೇ ಬರೆಯುವವರು ಮಂಡ್ಯದ ಹುಡುಗಿಗೆ ಪುಸ್ತಕದ ಕನ್ನಡ ತೊಡಿಸಿಬಿಡುತ್ತಾರೆ, ಅವಳ ಆಡುಮಾತು ನಗಿಸಲಿಕ್ಕೆ ಮಾತ್ರ ಎಂಬಂತೆ. ಕರಡಿನಲ್ಲಿ ಇದ್ದದ್ದು: ‘ನಾನೂರು ಜೀವಗಳ ಹೊಣೆ ನನ್ನ ಮೇಲಿದೆ ಮೇಷ್ಟ್ರೇ, ನಾನು ಬರಲಾರೆ.’ ರೆಕಾರ್ಡ್ ಆದದ್ದು: ‘ಪಂಪ್ ಬುಟ್ಟು ಎಂಗ್ ಬರ್ಲಿ ಸಾ. ಒಳ್ಗಡೆ ನಾನೂರ್ ಜನ ಮಲ್ಗವ್ರೆ.’ ಎರಡನೆಯದರಲ್ಲಿ ತ್ಯಾಗ ಎಂಬ ಸದ್ದೇ ಇಲ್ಲ, ಕೆಲಸದ ಮಾತು ಇದೆ.

ನಟರ ವಿಷಯಕ್ಕೆ ಬಂದರೆ, ಮೈಸೂರಿನಲ್ಲಿ ಒಳ್ಳೆಯ ನಟರಿಗೆ ಬರವಿಲ್ಲ, ಆದರೆ ಬಹಳಷ್ಟು ಜನ ರಂಗದಿಂದ ಬಂದವರು. ರಂಗಾಯಣದ ಬಯಲು ರಂಗಮಂದಿರ ವನರಂಗದ ಕೊನೇ ಸಾಲಿಗೆ ಮುಟ್ಟಿಸುವ ದನಿ ಮೈಕಿಗೆ ಬೇಡ. ಸಾಮಾನ್ಯ ದೃಶ್ಯಕ್ಕೆ ಮೈಕು ಬಾಯಿಂದ ಒಂದು ಗೇಣು. ಗಿರಿಜಾಳ ಕೊನೆಯ ಸಂದೇಶಗಳಿಗೆ ನಾಲ್ಕು ಬೆರಳು, ತುಸು ಓರೆಯಾಗಿ. ಅಷ್ಟು ಹತ್ತಿರದಲ್ಲಿ ಮಂದ್ರ ಉಬ್ಬುತ್ತದೆ, 100 ಹರ್ಟ್ಸಿನ ಕೆಳಗೆ ಇಳಿಸಿಕೊಳ್ಳಬೇಕು. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಗಟ್ಟಿ ಮಾತು ಮೈನಸ್ 12 ಡೆಸಿಬೆಲ್ ದಾಟದಂತೆ. ಗಂಟಲು ಕಟ್ಟುವ ದೃಶ್ಯಕ್ಕೆ ಇನ್ನೂ 6 ಇಳಿಸಿ, ಬಿಕ್ಕಿದಾಗ ಒಡೆದ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ. ನಿಜವಾಗಿ ಅತ್ತರೆ ಮೂಗು ಕಟ್ಟಿ ಮುಂದಿನ ಟೇಕ್ ಹಿಂದಿನದಕ್ಕೆ ಹೊಂದುವುದಿಲ್ಲ. ಅದಕ್ಕೆ ಕೊನೆಯ ಸಂದೇಶವನ್ನು ದಿನದ ಕೊನೆಗೇ, ಬೇರೆಲ್ಲ ಮುಗಿದ ಮೇಲೆ ಇಟ್ಟುಕೊಳ್ಳಬೇಕು. ರೆಕಾರ್ಡಿಂಗ್‌ಗೆ ಮುಂಚೆ ಹಾಲು, ಮೊಸರು ಬೇಡ, ಬಿಸಿನೀರು ಇರಲಿ. ಕಾಫಿಯೂ ಬೇಡ ಅನ್ನಬೇಕು, ಮೈಸೂರಿನಲ್ಲಿ ಅದನ್ನು ಯಾರು ಕೇಳುತ್ತಾರೆ.

ಮೊದಲೆರಡು ಕಂತಿಗೆ ಇಬ್ಬರೂ ಎದುರುಬದುರು. ಮೂರು, ನಾಲ್ಕಕ್ಕೆ ಬೇರೆಬೇರೆ. ಗಿರಿಜಾಳ ಭಾಗವನ್ನೆಲ್ಲ ಮೊದಲು ಮುಗಿಸಿ, ಮೇಷ್ಟ್ರ ಪಾತ್ರಧಾರಿಗೆ ಅವಳ ಉತ್ತರದ ಪುಟವನ್ನೇ ಕೊಡದೆ, ಹೆಡ್‌ಫೋನಿನಲ್ಲಿ ಮೊದಲ ಸಲ ಕೇಳಿಸುವಾಗಲೇ ರೆಕಾರ್ಡ್ ಒತ್ತಿದೆವು. ಆ ಉಸಿರು ಎರಡನೇ ಟೇಕಿನಲ್ಲಿ ಬರುವಂಥದ್ದಲ್ಲ.

ಊರಿನ ಸದ್ದು ಬಗೆಹರಿಯದ ಜಗಳ. ಹಗಲು ಹೂವಿನವರು, ಗುಜರಿಯವರ ಸ್ಪೀಕರು, ಬೇಸಿಗೆಯಲ್ಲಿ ಕೋಗಿಲೆ. ಚಾಮರಾಜಪುರಂ ಕಡೆಯಾದರೆ ರೈಲು. ರಾತ್ರಿ ಹನ್ನೊಂದರ ಮೇಲೆ, ಕಿಟಕಿಗೆ ಹಾಸಿಗೆ ಒರಗಿಸಿ, ನೆಲಕ್ಕೆ ಜಮಖಾನ ಹಾಸಿ, ಫ್ಯಾನು ಫ್ರಿಜ್ಜು ಆರಿಸಿ. ಫ್ರಿಜ್ಜಿನೊಳಗೆ ಸ್ಕೂಟರ್ ಕೀ ಇಟ್ಟರೆ ಮನೆಗೆ ಹೊರಡುವಾಗ ಅದನ್ನು ಮತ್ತೆ ಹಾಕಲು ಮರೆಯುವುದಿಲ್ಲ.

ಸಂಗೀತದ ಬಗ್ಗೆ ಹೆಚ್ಚಿಲ್ಲ. ಅಗಲಿಕೆ ಅಂದ ಕೂಡಲೇ ಪಿಟೀಲಿನಲ್ಲಿ ಶುಭಪಂತುವರಾಳಿ ರಾಗ ಎಳೆಯುವ ಚಾಳಿ ನಮ್ಮ ಕಿವಿಗೆ ಅಂಟಿಬಿಟ್ಟಿದೆ. ಮೂರನೇ ಕಂತಿನ ಉತ್ತರದ ಮುಂದೆ ಹಿಂದೆ ಏನನ್ನೂ ಹಾಕಲಿಲ್ಲ.

ಮಿಕ್ಸಿಂಗ್‌ನಲ್ಲಿ ಒಟ್ಟು ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಸದ್ದು ಎಷ್ಟು ಗಟ್ಟಿ ಎಂಬುದರ ಅಳತೆ), ತುದಿ ಮೈನಸ್ 1 ಡೆಸಿಬೆಲ್. ಇಯರ್‌ಫೋನ್, ಫೋನ್ ಸ್ಪೀಕರ್, ಓಡುವ ಸಿಟಿ ಬಸ್ಸು, ಮೂರರಲ್ಲೂ ಕೇಳಿ ನೋಡಬೇಕು. ಬಸ್ಸಿನಲ್ಲಿ ಕೋಣೆಯ ಸದ್ದು ಮುಳುಗಿ ಹೋಗುತ್ತದೆ, ಮೇಷ್ಟ್ರ ಎಣಿಕೆ ಮಾತ್ರ ಉಳಿಯುತ್ತದೆ. ಅದನ್ನು 2 ಡೆಸಿಬೆಲ್ ಏರಿಸಿದ್ದು ಅದಕ್ಕೇ.

ನಟಿ ಹೊರಡುವ ಮುಂಚೆ ಇನ್ನೊಂದು ಕೆಲಸ ಇದೆ, ಬಹಳ ತಂಡಗಳು ಮರೆಯುವಂಥದ್ದು. ಅವಳ ‘ಹ್ಞೂಂ’, ‘ಸಾ’, ನಗು, ನಿಟ್ಟುಸಿರು, ಕೆಮ್ಮು, ಎಲ್ಲವನ್ನೂ ಮೂರು ನಾಲ್ಕು ಬಗೆಯಲ್ಲಿ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಮುಂದೆ ಮೇಷ್ಟ್ರಿಗೆ ಅವಳ ನೆನಪು ಬಂದರೆ, ಹಳೆಯ ಸಂದೇಶ ತಿರುಗಿ ಹಾಕಿದರೆ ಬೇಕಾಗುತ್ತದೆ. ಎಲ್ಲೆಲ್ಲಿ ಬಳಸಬಹುದು, ಯಂತ್ರದಿಂದ ದನಿ ನಕಲು ಮಾಡುವಂತಿಲ್ಲ ಎಂಬುದು ಬರಹದಲ್ಲಿರಲಿ, ಇಬ್ಬರ ಸಹಿಯೂ ಇರಲಿ. ಕಡತಗಳನ್ನು ಎಂಪಿ3 ಮಾಡದೆ ವೇವ್ ರೂಪದಲ್ಲೇ ಎರಡು ಬೇರೆ ಡಿಸ್ಕಿನಲ್ಲಿ, ಕಂತಿನ ಸಂಖ್ಯೆ ಮತ್ತು ಮೈಕಿನ ದೂರ ಬರೆದು ಇಟ್ಟಿದ್ದೇವೆ.