ಅನಿಲ ಸಂವೇದಕಕ್ಕೆ ಸರಂಧ್ರ ಪದರವನ್ನು ಕೂರಿಸುವ ಬಗೆ

ಸಂವೇದಕದ ಪದರವಾಗುವ ತವರದ ಆಕ್ಸೈಡ್ ಅನಿಲದ ಸುಳಿವನ್ನು ಹಿಡಿಯುವುದು ತನ್ನ ಮೇಲ್ಮೈಯಲ್ಲಿ. ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಳಿಯ ಆಮ್ಲಜನಕವು ಆಕ್ಸೈಡ್‌ನ ಕಣಗಳಿಗೆ ಅಂಟಿಕೊಂಡು ಅವುಗಳ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದರಿಂದ ಪದರದ ವಿದ್ಯುತ್ ರೋಧ ಏರುತ್ತದೆ. ಕಾರ್ಬನ್ ಮಾನಾಕ್ಸೈಡ್‌ನಂತಹ ಅನಿಲವು ಆ ಆಮ್ಲಜನಕದೊಡನೆ ವರ್ತಿಸಿದಾಗ ಎಲೆಕ್ಟ್ರಾನುಗಳು ಮರಳಿ, ರೋಧ ಇಳಿಯುತ್ತದೆ. ಆದ್ದರಿಂದ ಅನಿಲವು ತಳದ ಕಣದವರೆಗೂ ನುಸುಳುವಷ್ಟು ಪದರ ತೆರೆದಿರಬೇಕು. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ಆ ರಂಧ್ರಗಳನ್ನು ಉಳಿಸಿಕೊಳ್ಳಲಿಕ್ಕಾಗಿಯೇ.

ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಸೇರಿದ ಪ್ಲಾಟಿನಂ ವಿದ್ಯುದ್ವಾರಗಳಿರುವ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಬಿಲ್ಲೆಯನ್ನು ಮೊದಲು ಅಸಿಟೋನ್‌ನಲ್ಲಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿ. ಬೆರಳಚ್ಚಿನ ಜಿಡ್ಡು ಉಳಿದರೂ ಪದರ ಅಲ್ಲಿ ಎದ್ದು ಬರುತ್ತದೆ.

ಲೇಪವನ್ನು ತಯಾರಿಸುವಾಗ ಅವಸರ ಸಲ್ಲದು. ಟರ್ಪಿನಿಯಾಲ್ ಎಂಬ ದ್ರಾವಕದಲ್ಲಿ ಕಣಗಳನ್ನು ಹಿಡಿದಿಡುವ ಅಂಟಾದ ಈಥೈಲ್ ಸೆಲ್ಯುಲೋಸ್ ಸ್ವಲ್ಪ ಕರಗಿಸಿ, ತವರದ ಆಕ್ಸೈಡ್‌ನ ನ್ಯಾನೋ ಪುಡಿಗೆ ಅದರ ತೂಕದಷ್ಟು ಅಥವಾ ತುಸು ಹೆಚ್ಚು ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಖಲ್ಲಿನಲ್ಲಿ ಅರೆಯಿರಿ. ಒಣ ಪುಡಿ ಉಸಿರಿನೊಳಗೆ ಹೋಗದಂತೆ ಮುಖಗವಸು ಧರಿಸಿ, ಹೊಗೆ ಹೀರುವ ಕಪಾಟಿನೊಳಗೇ ಈ ಕೆಲಸ ಮಾಡಬೇಕು. ಚಮಚದ ತುದಿಯಿಂದ ಎತ್ತಿದಾಗ ಲೇಪವು ತರಿಯಿಲ್ಲದೆ, ಹೊಳಪಿನಿಂದ, ಜೇನಿನಂತೆ ನಿಧಾನವಾಗಿ ಇಳಿದರೆ ಹದ ಬಂದಿದೆ. ಗಂಟುಗಳು ಕಂಡರೆ ಇನ್ನಷ್ಟು ಅರೆಯಿರಿ; ಅವು ಕುಲುಮೆಯಲ್ಲಿ ಕರಗಿ ಹೋಗುವುದಿಲ್ಲ.

ಸಣ್ಣ ಜಾಲರಿಯ ಪರದೆಯ ಮೂಲಕ ಲೇಪವನ್ನು ಬಿಲ್ಲೆಯ ಮೇಲೆ ಎಳೆದು, ಮಟ್ಟವಾದ ಜಾಗದಲ್ಲಿ ಹತ್ತು ನಿಮಿಷ ಬಿಡಿ. ಜಾಲರಿಯ ಗುರುತು ತಾನಾಗಿ ಮಾಸುತ್ತದೆ. ಬಳಿಕ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ. ಒಮ್ಮೆಲೇ ದಪ್ಪವಾಗಿ ಬಳಿದರೆ ಮೇಲ್ಭಾಗ ಮೊದಲು ಬಿಗಿದು, ಒಣಗಿದ ಕೆಸರಿನಂತೆ ಬಿರುಕು ಬಿಡುತ್ತದೆ. ತೆಳುವಾಗಿ ಎರಡು ಸಲ ಹಚ್ಚುವುದೇ ಮೇಲು.

ಸುಡುವ ಹಂತವೇ ನಿರ್ಣಾಯಕ. ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಶಾಖ ಏರಿಸಿದರೆ ಈಥೈಲ್ ಸೆಲ್ಯುಲೋಸ್ ಮೆಲ್ಲಗೆ ಉರಿದುಹೋಗಿ, ಅದು ಇದ್ದ ಜಾಗವೇ ರಂಧ್ರವಾಗುತ್ತದೆ. ಅವಸರ ಮಾಡಿದರೆ ಒಳಗೆ ಸಿಕ್ಕ ಅನಿಲ ಪದರವನ್ನು ಸೀಳುತ್ತದೆ. 500 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟರೆ ಕಣಗಳು ಪರಸ್ಪರ ಕತ್ತು ಹಿಡಿದುಕೊಂಡು ನಿಲ್ಲುವಷ್ಟು ಬೆಸೆಯುತ್ತವೆ. ಪದರ ಗಟ್ಟಿಯಾಗಲೆಂದು ಶಾಖವನ್ನು ಇನ್ನಷ್ಟು ಏರಿಸುವ ಆಸೆ ಸಹಜವಾದರೂ ಅದನ್ನು ತಡೆಯಬೇಕು: ತವರದ ಆಕ್ಸೈಡ್‌ನಲ್ಲಿ ಎಲೆಕ್ಟ್ರಾನುಗಳು ಬರಿದಾಗುವ ಹೊರಪದರ ಸುಮಾರು 3 ನ್ಯಾನೋಮೀಟರ್ ಮಾತ್ರ, ಕಣದ ಅಡ್ಡಳತೆ 6 ನ್ಯಾನೋಮೀಟರ್‌ನತ್ತ ಇಳಿದಂತೆ ಸಂವೇದನೆ ತೀವ್ರವಾಗಿ ಏರುತ್ತದೆ, ಹೆಚ್ಚು ಶಾಖದಲ್ಲಿ ಕಣ ಬೆಳೆದಂತೆ ಸಂವೇದನೆ ಕುಗ್ಗುತ್ತದೆ.

ಕುಲುಮೆ ತಾನಾಗಿ ತಣಿದ ಮೇಲೆಯೇ ಬಿಲ್ಲೆಯನ್ನು ಹೊರತೆಗೆಯಿರಿ. ಅಳತೆಗೆ ಮುನ್ನ ಸಂವೇದಕ ಕೆಲಸ ಮಾಡುವ ಶಾಖದಲ್ಲಿ, ಶುದ್ಧ ಗಾಳಿಯಲ್ಲಿ, ರೋಧ ಒಂದೆಡೆ ನಿಲ್ಲುವವರೆಗೆ ಇಡಬೇಕು. ಇದಕ್ಕೆ ಒಂದೆರಡು ದಿನ ಹಿಡಿಯಬಹುದು. ಆ ಕೊಠಡಿಯಲ್ಲಿ ಸಿಲಿಕೋನ್ ಗ್ರೀಸ್ ಅಥವಾ ಅಂಟು ಇರಕೂಡದು. ಅದರ ಆವಿ ಕಣಗಳ ಮೇಲೆ ಸಿಲಿಕಾ ಆಗಿ ಕುಳಿತರೆ ಅಷ್ಟು ಜತನದಿಂದ ಉಳಿಸಿದ ಮೇಲ್ಮೈ ಮತ್ತೆ ಚೇತರಿಸಿಕೊಳ್ಳುವುದಿಲ್ಲ.