ಹೆಸರು ಬಿಟ್ಟು ನಂಬರು ಹಿಡಿದೆ

ಊರಲ್ಲಿರುವ ಸೋದರತ್ತೆಯ ಟ್ರಂಕಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಇತ್ತು, ಮೊದಲ ಮಹಾಯುದ್ಧದ ಪದಕ. ಒಂದು ಮಗ್ಗುಲಿಗೆ ಐದನೇ ಜಾರ್ಜ್, ಇನ್ನೊಂದಕ್ಕೆ ಕುದುರೆ ಸವಾರ, 1914, 1918. ಮನೆಮಂದಿಯೆಲ್ಲ ನೂರು ವರ್ಷ ಅದರ ಮುಖವನ್ನೇ ನೋಡಿದ್ದರು. ನಾನು ಪುಣೆಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಅಂಚು ಬೆರಳಿಗೆ ಗರಗರ ಹತ್ತಿತು. ನಾಲ್ಕಂಕಿಯ ನಂಬರು, ಸಿಪಾಯಿ, ಹೆಸರು, 110 ಮರಾಠಾ ಎಂಬ ಪಲ್ಟಣ. ತಿಕ್ಕುವುದನ್ನು ಅಲ್ಲಿಗೇ ನಿಲ್ಲಿಸಿದೆ. ಸವೆದು ಹೋದರೆ ಆ ಅಕ್ಷರ ಮತ್ತೆಲ್ಲಿಂದ ತರುವುದು?

ನಮ್ಮದು ಚಿಕ್ಕೋಡಿ ತಾಲೂಕು. ಮುತ್ತಜ್ಜ ದಂಡಿಗೆ ಹೋದವನು ತಿರುಗಿ ಬರಲಿಲ್ಲ ಎಂಬಷ್ಟೇ ಮಾತು ಮನೆಯಲ್ಲಿ ಉಳಿದಿತ್ತು. ಮೊದಲ ತಪ್ಪು ಪುಣೆಯ ಖಡಕಿಯಲ್ಲಿ ಮಾಡಿದೆ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಅಲ್ಲಿನ ಯುದ್ಧ ಸ್ಮಶಾನವಿದೆ, 1914-18ರ ಸ್ಮಾರಕವೂ ಇದೆ. ಒಂದಿಡೀ ಭಾನುವಾರ ಕಲ್ಲಿನ ಮೇಲಿನ ಹೆಸರು ಓದಿದೆ. ಆಮೇಲೆ ತಿಳಿದದ್ದು: ಅದು ಮೊದಲ ಮಹಾಯುದ್ಧದ ಹೊತ್ತಿಗೆ ಹಿಂದೂಸ್ತಾನದಲ್ಲೇ ತೀರಿಕೊಂಡವರ ಸ್ಮಾರಕ. 110ನೇ ಪಲ್ಟಣ ಇದ್ದದ್ದು ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ. 1915ರ ಡಿಸೆಂಬರಿನಲ್ಲಿ ಕುಟ್ ಊರಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ಕ್ಕೆ ಶರಣಾದ ಸೈನ್ಯದಲ್ಲಿ ಅದೂ ಒಂದು. 1922ರಲ್ಲಿ ಪಲ್ಟಣಗಳನ್ನು ಕೂಡಿಸಿದಾಗ ಅದರ ಹೆಸರೂ ಬದಲಾಯಿತು. ಈಗಿನ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗದು.

ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯಲ್ಲಿ ಹೇಳುವ ಹೆಸರು ಹಾಕಿದೆ, ಇಲ್ಲ. ಇಂಗ್ಲಿಷಿನಲ್ಲಿ ಆರೇಳು ಥರ ಬರೆದು ಹಾಕಿದೆ, ಇಲ್ಲ. ಬಿಲ್ಲೆಯ ಅಂಚನ್ನು ಭೂತಗನ್ನಡಿ ಹಿಡಿದು ಮತ್ತೆ ಓದಿದೆ. ನಮ್ಮ ಕಡೆ ಗಂಡಸಿನ ಹೆಸರಿಗೆ ‘ಅಪ್ಪ’ ಹತ್ತದೆ ಬಿಡುವುದಿಲ್ಲ. ಪಲ್ಟಣದ ಗುಮಾಸ್ತ ಅದನ್ನು ಕಿತ್ತು ‘ಜಿ’ ಅಂಟಿಸಿದ್ದ. ಸನದಿ ಎಂಬ ಅಡ್ಡಹೆಸರಂತೂ ಹಾರಿಯೇ ಹೋಗಿತ್ತು. ಹೆಸರಿನ ಗೊಡವೆ ಬಿಟ್ಟು ಬರೀ ನಂಬರು, ಪಲ್ಟಣ ಹಾಕಿದೆ. ಒಂದೇ ಸಾಲು ಬಂತು. ಬಸ್ರಾ ಸ್ಮಾರಕ, 1916. ಕೆಳಗೆ ಇಂಥವಳ ಗಂಡ, ಇಂಥ ಊರು, ಚಿಕ್ಕೋಡಿ, ಬೆಳಗಾವಿ, ಮುಂಬಯಿ. ಊರು ನಮ್ಮದೇ. ಹೆಂಡತಿಯ ಹೆಸರು ಮಾತ್ರ ನಾವ್ಯಾರೂ ಕೇಳದ್ದು.

ಅದನ್ನು ಬಗೆಹರಿಸಿದ್ದು ಹೊಲ. ಹೊಲದ ಹಕ್ಕಿನ ದಾಖಲೆಗೆ ನಮ್ಮ ಕಡೆ ಉತಾರ ಅನ್ನುತ್ತೇವೆ, ಮಿಕ್ಕ ಕರ್ನಾಟಕದವರು ಪಹಣಿ ಅನ್ನುತ್ತಾರೆ, ಇಲ್ಲಿ ಪುಣೆಯಲ್ಲಿ ಸಾತ್ ಬಾರಾ. ಬೆಳಗಾವಿ 1956ರವರೆಗೆ ಮುಂಬಯಿ ಕಡೆಯೇ ಇದ್ದುದರಿಂದ ಹಳೆಯ ನಮೂನೆಗಳ ಜಾಡು ಒಂದೇ: ಕಬ್ಜೆದಾರನ, ಅಂದರೆ ಹೊಲ ಹಿಡಿದವನ, ಹೆಸರಿನ ಪಕ್ಕದಲ್ಲಿ ಒಂದು ಫೇರಫಾರ್ (ಹಕ್ಕು ಬದಲಾವಣೆ) ನಂಬರು ಇರುತ್ತದೆ. ಆ ನಂಬರಿನ ನೋಂದಣಿ ತೆಗೆದರೆ ಹೊಲ ಯಾರಿಂದ ಯಾರಿಗೆ, ಯಾಕೆ ಹೋಯಿತು ಅನ್ನುವುದು ಸಿಗುತ್ತದೆ. ಅಪ್ಪನಿಂದ ಅಜ್ಜ, ಅಜ್ಜನಿಂದ ಹಿಂದೆ, ಹೀಗೆ ಒಂದೊಂದೇ ಮೆಟ್ಟಿಲು ಇಳಿದೆ. ಹಿಸ್ಸೆ ಒಡೆದಲ್ಲೆಲ್ಲ ಎಕರೆ ಗುಂಟೆ ಕೂಡಿಸಿ ನೋಡಬೇಕು, ಎಕರೆಗೆ ನಲವತ್ತು ಗುಂಟೆ. ಲೆಕ್ಕ ಕೂಡದಿದ್ದರೆ ನಡುವೆ ಒಂದು ನೋಂದಣಿ ತಪ್ಪಿಸಿಕೊಂಡಿದೆ ಎಂದೇ ಅರ್ಥ. ನನಗೆ ಒಂದು ಕಡೆ ಹನ್ನೊಂದು ಗುಂಟೆ ಕಡಿಮೆ ಬಿದ್ದು ವಾರಗಟ್ಟಲೆ ತಲೆ ಕೆಟ್ಟಿತು. ಅದು ದಾರಿಗೆ ಹೋದ ಖರಾಬು, ಸಾಗುವಳಿಗೆ ಬಾರದ ನೆಲ.

ಕೊನೆಯ ಎರಡು ನೋಂದಣಿ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದವು. ಮೋಡಿ ಕಲಿಸುವವರು ಪುಣೆಯಲ್ಲಿ ಸಿಗುತ್ತಾರೆ, ಪುಣೆವಾಸಿ ಕನ್ನಡಿಗನಿಗೆ ಇದೊಂದು ಲಾಭ. ಮೊದಲೇ ಗೆರೆ ಎಳೆದು, ಲೇಖನಿ ಎತ್ತದೆ, ಪದಗಳ ನಡುವೆ ಜಾಗ ಬಿಡದೆ ಬರೆಯುವ ಲಿಪಿ. ಹ್ರಸ್ವ ದೀರ್ಘದ ಭೇದವೂ ಸರಿಯಾಗಿ ಇಲ್ಲ. ‘ಅಪಾಕ’ ಎಂದು ಓದಿ, ಇವನ್ಯಾರಪ್ಪ ಹೊಸ ಹಿರಿಯ ಎಂದು ವಂಶಾವಳಿಯಲ್ಲಿ ಬರೆದೂಬಿಟ್ಟೆ. ಕಲಿಸುವವರು ನಕ್ಕರು. ಅ.ಪಾ.ಕ. ಅಂದರೆ ಅಜ್ಞಾನ ಪಾಲನ ಕರ್ತಾ, ಅಪ್ರಾಪ್ತ ಮಗುವಿನ ಪೋಷಕರು. ಸಾಲಿನ ಅರ್ಥ ಇಷ್ಟು: ಕಬ್ಜೆದಾರ ಲಡಾಯಿಯಲ್ಲಿ ಮಯತ (ತೀರಿಕೊಂಡ), ವಾರಸ ಅಜ್ಞಾನ ಮಗ, ಪೋಷಕಿ ತಾಯಿ. ವರ್ಷ 1919.

ತಾಯಿಯ ಹೆಸರು ಮತ್ತೆ ಬೇರೆ! ಇದು ಮನೆಯಲ್ಲಿ ಕೇಳಿದ ಹೆಸರು, ಪಟ್ಟಿಯಲ್ಲಿದ್ದದ್ದಲ್ಲ. ಮುತ್ತಜ್ಜಿಯ ಹೆಸರು ಕೇಳಲು ಅತ್ತೆಗೆ ಫೋನು ಮಾಡಿದೆ.

“ಅತ್ತಿ, ಆಯಿಗೆ ಎರಡು ಹೆಸರು ಇದ್ವೇನ?”

“ಇರದ ಏನ್ ಮಾಡ್ತಾವೋ ತಮ್ಮಾ. ತವರಮನ್ಯಾಗ ಒಂದು, ಇಲ್ಲಿ ಬಂದ ಮ್ಯಾಲ ಇನ್ನೊಂದು. ಲಗ್ನದಾಗ ಅಕ್ಕಿ ಮ್ಯಾಲ ಬರೀತಾರಲ್ಲ.”

ಪಟ್ಟಿಯ ಹೆಸರು ಹೇಳಿದೆ. “ಹೌದು, ಅಕಿ ತವರವ್ರು ಹಂಗ ಕರೀತಿದ್ರಂತ,” ಅಂದಳು. ಪಲ್ಟಣದಲ್ಲಿ ಅವನು ಬರೆಸಿದ್ದು ತವರಿನ ಹೆಸರು.

1916ರಲ್ಲಿ ಸತ್ತವನ ನೋಂದಣಿ 1919ರವರೆಗೆ ಯಾಕೆ ತಡವಾಯಿತೋ ಕಾಗದ ಹೇಳುವುದಿಲ್ಲ. ಕುಟ್‌ನಲ್ಲಿ ಸೆರೆ ಸಿಕ್ಕು ಬದುಕಿದವರಲ್ಲಿ ಹೆಚ್ಚಿನವರು ಊರಿಗೆ ಬಂದದ್ದು ಲಡಾಯಿ ಮುಗಿದ ಮೇಲೆ. ಅಲ್ಲಿಯವರೆಗೆ ಆಕೆ ಮಯತ ಎಂದು ಬರೆಸಲು ಒಪ್ಪಿರಲಿಕ್ಕಿಲ್ಲ ಎಂದು ನನ್ನ ಊಹೆ.

ಈಗ ಇನ್ನೊಂದು ಗೀಳು ಹತ್ತಿದೆ. ಹಿಂದೆ ಚಾಕರಿಗೆ ಬದಲಾಗಿ ಹೊಲ ಉಣ್ಣುತ್ತಿದ್ದ ಊರ ಸಿಪಾಯಿಗಳೇ ಶೇತಸನದಿಗಳು. ನಮ್ಮ ಅಡ್ಡಹೆಸರು ಅಲ್ಲಿಂದ ಬಂದದ್ದು. ಆ ಕಾಗದಕ್ಕಾಗಿ ಪುಣೆಯ ಪೇಶ್ವೆ ದಫ್ತರಕ್ಕೆ, ಪೇಶ್ವೆ ಕಾಲದ ಕಾಗದ ಇಟ್ಟಿರುವಲ್ಲಿಗೆ, ಹೋಗುತ್ತೇನೆ. ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳು, ಅವಕ್ಕೆ ರುಮಾಲು ಅನ್ನುತ್ತಾರೆ, ಇಸವಿಯೂ ಅರಬಿ ಪದಗಳಲ್ಲಿ: ‘ಇಹಿದೆ ಸಿತ್ತೈನ್ ಮಯಾ ವ ಅಲಫ್’ ಅಂದರೆ ಒಂದು, ಅರವತ್ತು, ನೂರು, ಸಾವಿರ, 1161. ಅದಕ್ಕೆ 599 ಅಥವಾ 600 ಕೂಡಿಸಿದರೆ ನಮ್ಮ ಇಸವಿ, 1760-61. ನಮ್ಮ ಊರಿನ ಒಂದು ಹಾಳೆ ಸಿಕ್ಕಿದೆ, ಅದರಲ್ಲಿ ನಾಲ್ಕು ಜನ ಸನದಿಗಳ ಹೆಸರಿದೆ. ಆದರೆ 1835ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಶುರುವಾದ ಬ್ರಿಟಿಷರ ಹೊಲದ ಸರ್ವೆ ನಮ್ಮ ಕಡೆ ಬರುವುದಕ್ಕೂ ಎಷ್ಟೋ ಹಿಂದಿನ ಕಾಗದ ಅದು. ಹೊಲಕ್ಕೆ ಗುರುತು ಹುಣಸೆ ಮರ, ಹಳ್ಳ, ಬಾಂದು. ನಂಬರಿಲ್ಲ. ನಾಲ್ವರಲ್ಲಿ ನಮ್ಮವನು ಯಾರು, ಹೇಳಲಾರೆ.