ಹಳೇ ಮೈಸೂರು ರಸ್ತೆಯಲ್ಲಿ ಒಂದು ದಿನ: ಗೂಡು, ಬುಗುರಿ, ಬೆಲ್ಲ

ಬೆಂಗಳೂರಿನಿಂದ ಮಂಡ್ಯಕ್ಕೆ ಸುಮಾರು 100 ಕಿ.ಮೀ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಬೇಗ ತಲುಪಬಹುದು, ನಿಜ. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವೂ ಬೈಪಾಸಿನ ಆಚೆಗೇ ಉಳಿದುಬಿಡುತ್ತವೆ. ರೇಷ್ಮೆ, ಗೊಂಬೆ, ಬೆಲ್ಲ ತಯಾರಾಗುವುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದರೆ ಹೋಗುವಾಗ ಊರೊಳಗಿನ ಹಳೇ ರಸ್ತೆ, ಬರುವಾಗ ಹೆದ್ದಾರಿ. ಅದಕ್ಕಿಂತಲೂ ಮುಖ್ಯವಾದದ್ದು ವೇಳೆ. ಪ್ರತಿ ಕಸುಬಿಗೂ ಅದರದೇ ಹೊತ್ತಿದೆ. ಮಧ್ಯಾಹ್ನ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋದರೆ ಸಿಗುವುದು ಖಾಲಿ ಜಾಲರಿ ಮಾತ್ರ.

ದಿನ ಆರಿಸುವಾಗ ಶನಿವಾರಕ್ಕೆ ಮೊದಲ ಆದ್ಯತೆ ಕೊಡಿ. ರಾಮನಗರದ ರೀಲರ್‌ಗಳಲ್ಲೂ (ಗೂಡು ಕೊಂಡು ನೂಲು ಬಿಚ್ಚುವವರು) ಚನ್ನಪಟ್ಟಣದ ಕುಶಲಕರ್ಮಿಗಳಲ್ಲೂ ಮುಸ್ಲಿಮರು ಬಹಳ ಮಂದಿ ಇರುವುದರಿಂದ ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಕೆಲಸ ನಿಲ್ಲುತ್ತದೆ. ಭಾನುವಾರ ಅಂಗಡಿ ತೆರೆದಿದ್ದರೂ ಅದರ ಹಿಂದೆ ಮರ ಕಡೆಯುವ ಯಂತ್ರ, ಲೇತ್, ತಿರುಗುತ್ತಿರುವುದಿಲ್ಲ. ಜೋರು ಮಳೆಗಾಲವೂ ಬೇಡ: ಕಬ್ಬಿನ ಗದ್ದೆಗೆ ಗಾಡಿ ಇಳಿಯುವುದಿಲ್ಲ, ಒಲೆಗೆ ಹಾಕುವ ಸಿಪ್ಪೆ ಒಣಗುವುದಿಲ್ಲ, ಆಲೆಮನೆ ತಣ್ಣಗಾಗಿರುತ್ತದೆ. ಇವೆಲ್ಲ ಜನ ದುಡಿಯುವ ಜಾಗಗಳು, ಎಷ್ಟೋ ಕಡೆ ಅವರ ಮನೆಗಳೂ ಹೌದು. ಹಿಂದಿನ ದಿನವೇ ಒಂದು ಫೋನ್ ಮಾಡಿ, ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ.

ಬೆಳಗ್ಗೆ 6.30ಕ್ಕೆ ಮನೆ ಬಿಟ್ಟರೆ ಬಿಡದಿಯಲ್ಲಿ ತಟ್ಟೆ ಇಡ್ಲಿ. ತಿಂಡಿಯನ್ನು ಇಲ್ಲೇ ಮುಗಿಸಿಬಿಡಿ. ಗೂಡು ಬೇಯಿಸುವ ವಾಸನೆ ಅಭ್ಯಾಸವಿಲ್ಲದವರ ಮೂಗಿಗೆ ಬಡಿದ ಮೇಲೆ ಊಟ ಸೇರುವುದು ಕಷ್ಟ.

9 ಗಂಟೆಯ ಹೊತ್ತಿಗೆ ರಾಮನಗರದ ಸರ್ಕಾರಿ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿರಿ. ರೈತರು ಮೂಟೆ ಬಿಚ್ಚಿ ಜಾಲರಿಗೆ ಗೂಡು ಸುರಿಯುವುದು, ಲಾಟಿಗೆ ನಂಬರ್ ಬೀಳುವುದು, ರೀಲರ್‌ಗಳು ಕೈಹಾಕಿ ಪರೀಕ್ಷಿಸುವುದು, ಇವೆಲ್ಲ ಹರಾಜಿಗೆ ಮುಂಚಿನ ಕೆಲಸ. ನೋಡಬೇಕಾದ್ದೂ ಇದನ್ನೇ. ಹರಾಜು ಈಗ ಮೊಬೈಲಿನಲ್ಲೇ ನಡೆಯುವುದರಿಂದ ಕೂಗಾಟ ಇರುವುದಿಲ್ಲ. ಬಿಳಿ ಗೂಡು ದ್ವಿತಳಿ ಹುಳುವಿನದು, ಹಳದಿ ಗೂಡು ಮಿಶ್ರತಳಿ ಹುಳುವಿನದು. ರೈತರನ್ನು ಕೇಳಿಯೇ ಒಂದು ಗೂಡನ್ನು ಕೈಗೆತ್ತಿಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಅದುಮಿದಾಗ ಗಟ್ಟಿಯಾಗಿದ್ದರೆ ನೂಲು ಚೆನ್ನಾಗಿ ಬರುತ್ತದೆ. ಒಳಗೊಳಗೇ ಮೆತ್ತಗೆ ಕುಸಿದರೆ ಪದರ ತೆಳು. ಕಲೆ ಬಿದ್ದಿದ್ದರೆ ಒಳಗೆ ಹುಳು ಸತ್ತು ಕೊಳೆತಿರುವ ಸಾಧ್ಯತೆ ಹೆಚ್ಚು. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡಿನಲ್ಲಿ ಎಳೆಗಳು ಹೆಣೆದುಕೊಂಡಿರುವುದರಿಂದ ನಯವಾದ ನೂಲು ಬರುವುದಿಲ್ಲ, ಅದು ದುಪಿಯಾನ್ ಎಂಬ ಒರಟು ರೇಷ್ಮೆಗೆ ಹೋಗುತ್ತದೆ.

ಇಲ್ಲಿಂದ ನೂಲು ಬಿಚ್ಚಾಣಿಕೆ ಘಟಕಕ್ಕೆ. ಕುದಿಯುವ ಹಂತದ ನೀರಿನಲ್ಲಿ ಗೂಡು ಬೇಯಿಸಿ, ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದನ್ನು ಸಡಿಲಿಸುತ್ತಾರೆ. ಕಡಿಮೆ ಬೆಂದರೆ ಎಳೆ ತುಂಡಾಗುತ್ತದೆ, ಹೆಚ್ಚು ಬೆಂದರೆ ಪದರಗಳೇ ಕಳಚಿ ಸಿಕ್ಕಾಗುತ್ತದೆ. ಒಂದು ಗೂಡಿನ ಎಳೆ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣ. ಹಾಗಾಗಿ ಏಳೆಂಟು ಗೂಡಿನ ಎಳೆ ಒಟ್ಟುಗೂಡಿಸಿ ಒಂದು ನೂಲು ಮಾಡುತ್ತಾರೆ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸುಮಾರು 1,000 ಮೀಟರ್ ಎಳೆ ಇರುತ್ತದೆ. 1 ಕಿಲೋ ಕಚ್ಚಾ ರೇಷ್ಮೆಗೆ 6ರಿಂದ 7 ಕಿಲೋ ಗೂಡು ಬೇಕು. ಹುಳು ಏನಾಗುತ್ತದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಿಜ ಹೇಳಿ: ಬಿಟ್ಟರೆ ಪತಂಗವಾಗಿ ಗೂಡು ಕೊರೆದು ಹೊರಬರುತ್ತದೆ, ತೂತಾದ ಗೂಡಿನಿಂದ ಉದ್ದನೆಯ ಎಳೆ ಸಿಗುವುದಿಲ್ಲ, ಆದ್ದರಿಂದ ಅದಕ್ಕೆ ಮೊದಲೇ ಬಿಸಿಗೆ ಕೊಲ್ಲುತ್ತಾರೆ. ಮಾರುಕಟ್ಟೆಯ ಅಷ್ಟೂ ಅವಸರಕ್ಕೆ ಕಾರಣ ಇದೇ. ಬಿಸಿನೀರಿನ ಬೇಸಿನ್‌ಗಳು ಸರಿಯಾಗಿ ಮಕ್ಕಳ ಎದೆಮಟ್ಟಕ್ಕೆ ಇರುತ್ತವೆ. ಚಿಕ್ಕವರ ಕೈ ಬಿಡಬೇಡಿ.

ಚನ್ನಪಟ್ಟಣ ಇಲ್ಲಿಂದ 12 ಕಿ.ಮೀ. 11.30ರೊಳಗೆ ತಲುಪಿದರೆ ಊಟದ ಬಿಡುವಿಗೆ ಮುಂಚೆ ಒಂದೂವರೆ ಗಂಟೆ ಸಿಗುತ್ತದೆ. ಹೆದ್ದಾರಿ ಬದಿಯ ದೊಡ್ಡ ಅಂಗಡಿಯಲ್ಲಿ ಕಾಲ ಕಳೆಯದೆ ಕಲಾನಗರದಂಥ ಕುಶಲಕರ್ಮಿಗಳ ಬೀದಿಗೆ ಹೋಗಿ, ಒಂದು ಬುಗುರಿ ಮಾಡಿಕೊಡಿ ಎಂದು ಕೇಳಿ. ಇಡೀ ಕಸುಬು ಆ ಒಂದು ಬುಗುರಿಯಲ್ಲಿ ಕೆಲವೇ ನಿಮಿಷದಲ್ಲಿ ಕಾಣಿಸುತ್ತದೆ. ಒಣಗಿದ ಹಾಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಆಕಾರ ಕೊಡುತ್ತಾರೆ, ಉಪ್ಪು ಕಾಗದದಿಂದ ಉಜ್ಜುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿ ಇಲ್ಲ, ಕುಂಚ ಇಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೊನೆಗೆ ಒಣಗಿದ ತಾಳೆಗರಿಯನ್ನು ಒತ್ತಿದೊಡನೆ ಮಂಕಾಗಿದ್ದ ಬಣ್ಣ ಕನ್ನಡಿಯಂತೆ ಹೊಳೆಯತೊಡಗುತ್ತದೆ. ಮಕ್ಕಳನ್ನು ಈ ಗಳಿಗೆಗೆ ಹತ್ತಿರ ನಿಲ್ಲಿಸಿ, ಆದರೆ ದುಪಟ್ಟಾ, ಬಿಟ್ಟ ಕೂದಲು ಕಟ್ಟಿಕೊಂಡಿರಲಿ.

ಕೊಳ್ಳುವಾಗ ಮೂರು ಸಂಗತಿ ನೋಡಿ. ಗಾತ್ರಕ್ಕೆ ಮೀರಿದ ಭಾರವಿದ್ದರೆ ಮರ ಇನ್ನೂ ಹಸಿ. ಮನೆಗೆ ಹೋದ ಮೇಲೆ ಸೀಳು ಬಿಡುತ್ತದೆ. ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿದಾಗ ಬಣ್ಣ ಹತ್ತಬಾರದು. ಮೂರು ವರ್ಷದೊಳಗಿನ ಮಗುವಿಗಾದರೆ ಬಾಯೊಳಗೆ ಹೋಗುವಂಥ, ಕಳಚಿ ಬರುವ ಬಿಡಿ ಭಾಗ ಇರಕೂಡದು. ಸ್ಯಾನಿಟೈಸರ್ ಹಾಕಿ ಒರೆಸಲೇಬೇಡಿ, ಆಲ್ಕೋಹಾಲಿಗೆ ಅರಗು ಕರಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೂ ಮೇಲ್ಮೈ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಸೀಟಿನ ಕೆಳಗಿಡಿ.

ಮದ್ದೂರಿನಲ್ಲಿ ಊಟ, ಜೊತೆಗೆ ವಡೆ. ಅಕ್ಕಿಹಿಟ್ಟು, ರವೆ, ಮೈದಾಕ್ಕೆ ಈರುಳ್ಳಿ ಹಾಕಿ ಕಲಸಿ, ತೆಳ್ಳಗೆ ತಟ್ಟಿ ಹದ ಉರಿಯಲ್ಲಿ ಕರಿಯುವ ವಡೆ ಇದು. ಮನೆಗೆ ಒಯ್ಯುವುದನ್ನು ಆರಿದ ಮೇಲೆಯೇ ಕಟ್ಟಿಸಿ, ಬಿಸಿಯಲ್ಲಿ ಕಟ್ಟಿದರೆ ಮೆತ್ತಗಾಗುತ್ತದೆ.

ಮಂಡ್ಯದ ಆಲೆಮನೆಗೆ 3 ಗಂಟೆಯ ಸುಮಾರಿಗೆ ಹೋಗಿ. ಒಂದು ಕೊಪ್ಪರಿಗೆ ಕಾಯಿಸಿ ಇಳಿಸಲು ಎರಡು ಮೂರು ಗಂಟೆ ಹಿಡಿಯುತ್ತದೆ. ಆದ್ದರಿಂದ ಮುಂಚೆಯೇ ಫೋನಿನಲ್ಲಿ ‘ಪಾಕ ಇಳಿಸೋದು ಎಷ್ಟು ಹೊತ್ತಿಗೆ?’ ಎಂದು ಕೇಳಿ ಅದಕ್ಕೆ ಅರ್ಧ ಗಂಟೆ ಮೊದಲು ಅಲ್ಲಿರಿ. ಗಾಣದಲ್ಲಿ ಅರೆದ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕಿ ಕಾಯಿಸುತ್ತಾರೆ. ಬೆಂಡೆ ಗಿಡದ ಲೋಳೆ ಹಾಕುವ ಕಡೆ ಕಶ್ಮಲವೆಲ್ಲ ಅದಕ್ಕೆ ಅಂಟಿ ಮೇಲೆ ತೇಲುತ್ತದೆ, ಜಾಲರಿಯಿಂದ ಬಾಚುತ್ತಾರೆ. ನೊರೆ ಉಕ್ಕಿದರೆ ನಾಲ್ಕು ಹನಿ ಹರಳೆಣ್ಣೆ. ಹದ ನೋಡುವುದು ತಣ್ಣೀರಿನಲ್ಲಿ: ಬಿಟ್ಟ ಪಾಕ ಕೈಯಲ್ಲಿ ಉಂಡೆಯಾದರೆ ಇಳಿಸುವ ಹೊತ್ತು. ಆಗ ಪಾಕದ ಬಿಸಿ ಸುಮಾರು 118 ಡಿಗ್ರಿ, ಕುದಿಯುವ ನೀರಿಗಿಂತ ಹೆಚ್ಚು, ಮೈಮೇಲೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಕೊಪ್ಪರಿಗೆಯಿಂದ ಹತ್ತು ಹೆಜ್ಜೆ ದೂರ ನಿಲ್ಲುವುದು ಮಕ್ಕಳಿಗೆ ಕಡ್ಡಾಯ. ಒಂದು ಟನ್ ಕಬ್ಬಿಗೆ ಬರುವುದು ಹೆಚ್ಚುಕಡಿಮೆ 100 ಕಿಲೋ ಬೆಲ್ಲ.

ಅಚ್ಚು ಬೆಲ್ಲ ಕೊಳ್ಳುವಾಗ ಬಿಳಿಚಿದ ಹಳದಿಗೆ ಮರುಳಾಗಬೇಡಿ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುವುದುಂಟು. ಕಂದು ಬೆಲ್ಲವೇ ಕೇಳಿ. ಬಿಸಿ ಅಚ್ಚನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವರಿ ನೀರೊಡೆದು ಬೂಷ್ಟು ಹಿಡಿಯುತ್ತದೆ. ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ.

5 ಗಂಟೆಗೆ ಮಂಡ್ಯ ಬಿಟ್ಟು ಹೆದ್ದಾರಿಗೆ ಹತ್ತಿ. ವೇಗದ ಮಿತಿ ಗಂಟೆಗೆ 100 ಕಿ.ಮೀ., ಉದ್ದಕ್ಕೂ ಕ್ಯಾಮೆರಾಗಳಿವೆ. ಬೈಕಿನಲ್ಲಿ ಬಂದವರಿಗೆ 2023ರ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವರು ವಾಪಸಾಗುವಾಗಲೂ ಸರ್ವಿಸ್ ರಸ್ತೆಯಲ್ಲೇ ಬರಬೇಕು, ಆದ್ದರಿಂದ ಒಂದು ಗಂಟೆ ಮುಂಚೆಯೇ ಹೊರಡುವುದು ಕ್ಷೇಮ.